ಓದುವುದು ಅವಳ ಪಾಲು, ಉಳಿದದ್ದು ನಮ್ಮ ಪಾಲು

ಅರಸೀಕೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮನೆ ಇರುವುದು ಪೇಟೆಯಿಂದ ಆಚೆ, ಹಳ್ಳಿಯಲ್ಲಿ. ಯಜಮಾನರು ತೆಂಗಿನ ತೋಟ, ರಾಗಿ ಹೊಲ ನೋಡಿಕೊಳ್ಳುತ್ತಾರೆ. ನಮ್ಮ ಮಗಳು 2024ರಲ್ಲಿ ದ್ವಿತೀಯ ಪಿಯುಸಿ, ಎಂಜಿನಿಯರಿಂಗ್, ಕೃಷಿ ಮೊದಲಾದ ಪದವಿಗಳಿಗೆ ರಾಜ್ಯ ನಡೆಸುವ ಸಿಇಟಿ, ಡಾಕ್ಟರ್ ಓದಿಗೆ ದೇಶಕ್ಕೆಲ್ಲ ಒಂದೇ ಆದ ನೀಟ್ ಮೂರನ್ನೂ ಬರೆದಳು. ಆ ವರ್ಷ ಈ ಪರೀಕ್ಷೆಗಳು ಎಂಥ ರಾದ್ಧಾಂತ ಎಬ್ಬಿಸಿದವು ಎಂಬುದು ಅದನ್ನು ಹಾದುಬಂದ ಮನೆಗಳಿಗೆ ಗೊತ್ತು. ಅಂಗಡಿಗೆ ಬರುವ ತಾಯಂದಿರು ಇವತ್ತಿಗೂ ‘ಹೇಗಕ್ಕಾ ನಿಭಾಯಿಸಿದಿರಿ’ ಎಂದು ಕೇಳುತ್ತಾರೆ. ರವಿಕೆಯ ಅಳತೆ ತೆಗೆದುಕೊಳ್ಳುತ್ತಾ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯವರೆಗೆ ಅವಳು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದ ಕೂಡಲೇ ಭಾವನವರು, ನಾದಿನಿ, ಊರಿನ ಮೇಷ್ಟ್ರು ಎಲ್ಲರೂ ಒಂದೇ ಮಾತು ಹೇಳಿದರು: ಡಾಕ್ಟರ್ ಆಗಬೇಕಾದರೆ ಮಂಗಳೂರಿನ ಕಡೆಯ ಹಾಸ್ಟೆಲ್ ಕಾಲೇಜಿಗೆ ಹಾಕಿ. ವಿಚಾರಿಸಿದೆವು. ಎರಡು ವರ್ಷದ ಶುಲ್ಕ ಕೇಳಿ ಯಜಮಾನರು ಮೌನವಾದರು. ಉಂಡೆ ಕೊಬ್ಬರಿಯ ಬೆಲೆ ಇಳಿಯುತ್ತಿದ್ದ ಕಾಲ ಅದು. ಆದರೆ ನಾನು ಬೇಡವೆಂದದ್ದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ನನ್ನ ಮಗಳು ಮನಸ್ಸಿಗೆ ಬೇಸರವಾದರೆ ಬಾಯಿ ಬಿಟ್ಟು ಹೇಳುವವಳಲ್ಲ. ಊಟ ಕಡಿಮೆ ಮಾಡುತ್ತಾಳೆ. ತಟ್ಟೆ ನೋಡಿದರೆ ನನಗೆ ತಿಳಿಯುತ್ತದೆ. ಹಾಸ್ಟೆಲ್‌ನಲ್ಲಿ ಅವಳ ತಟ್ಟೆ ನೋಡುವವರು ಯಾರು? ಪೇಟೆಯ ಪಿಯು ಕಾಲೇಜಿಗೆ ಸೇರಿಸಿದೆವು. ಸಂಜೆ ಅಲ್ಲೇ ನಡೆಯುತ್ತಿದ್ದ ನೀಟ್ ತರಗತಿಗೂ ಹೋಗತೊಡಗಿದಳು. ತರಗತಿ ಮುಗಿದ ಮೇಲೆ ನನ್ನ ಅಂಗಡಿಗೆ ಬಂದು, ಇಬ್ಬರೂ ಒಟ್ಟಿಗೆ ಬಸ್ ಹತ್ತಿ ಊರಿಗೆ ಬರುತ್ತಿದ್ದೆವು.

2024ರ ಜನವರಿಯಲ್ಲಿ ಸಿಇಟಿ ಅರ್ಜಿ ಕರೆದರು. ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಪಾಲುಪಟ್ಟಿ ಆಯಿತು. ಪುಸ್ತಕ ಅವಳದು. ಪುಸ್ತಕದಿಂದ ಆಚೆಗಿನದೆಲ್ಲ, ಅಂದರೆ ಅರ್ಜಿ, ದಾಖಲೆ, ಪ್ರಯಾಣ, ದುಡ್ಡು, ನೆಂಟರಿಗೆ ಉತ್ತರ ಹೇಳುವುದು, ಎಲ್ಲವೂ ನಮ್ಮಿಬ್ಬರದು. ಇದನ್ನು ನಾನು ಅವಳಿಗೆ ಬಾಯಿಬಿಟ್ಟೇ ಹೇಳಿದೆ. ಹೇಳದೆ ಮಾಡಿದರೆ ಮಕ್ಕಳಿಗೆ ಆ ಭಾರ ಇಳಿದಿದೆ ಎಂದು ಗೊತ್ತಾಗುವುದೇ ಇಲ್ಲ.

ದಾಖಲೆಗಳ ಭಾರ ಎಂಥದ್ದೆಂದು ಮಾಡಿದವರಿಗೇ ಗೊತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಇದೆ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಅದಕ್ಕೆ ಮುಖ್ಯ ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಆಧಾರ್‌ನಲ್ಲಿದ್ದ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಇನಿಷಿಯಲ್ ಹೊಂದುತ್ತಿರಲಿಲ್ಲ; ಅದನ್ನು ತಿದ್ದಿಸಬೇಕು. ಯಜಮಾನರು ಕೊಬ್ಬರಿ ಖರೀದಿಗೆ ಹೆಸರು ನೋಂದಾಯಿಸಲು ಸರದಿ ನಿಂತ ದಿನಗಳಲ್ಲೇ ನಾಡಕಚೇರಿಯ ಕೆಲಸವನ್ನೂ ಮುಗಿಸಿಕೊಂಡು ಬಂದರು. ಎಲ್ಲ ಕಾಗದಗಳನ್ನೂ ಒಂದು ಪ್ಲಾಸ್ಟಿಕ್ ಕಡತಕ್ಕೆ ಸೇರಿಸಿ, ಮೇಲೆ ಪಟ್ಟಿ ಅಂಟಿಸಿ, ನನ್ನ ಹೊಲಿಗೆ ಯಂತ್ರದ ಪಕ್ಕದ ಕಪಾಟಿನಲ್ಲಿ ಇಟ್ಟೆ. ನೀಟ್ ಅರ್ಜಿಯನ್ನೂ ಸೈಬರ್ ಕೇಂದ್ರದಲ್ಲಿ ಅವಳ ಎದುರೇ ತುಂಬಿಸಿ, ಪ್ರತಿ ಸಾಲನ್ನೂ ಅವಳಿಂದ ಓದಿಸಿದೆ. ಆಮೇಲೆ ಆ ಚಿಂತೆ ಅವಳ ತಲೆಯಲ್ಲಿ ಉಳಿಯಲಿಲ್ಲ.

ಮಾರ್ಚ್ 1ರಿಂದ 22ರವರೆಗೆ ಪಿಯುಸಿ ಪರೀಕ್ಷೆ. ಏಪ್ರಿಲ್ 18, 19 ಸಿಇಟಿ. ಮೇ 5 ನೀಟ್. ಮೂರಕ್ಕೂ ಮೂರು ಬಗೆಯ ಓದು. ಪಿಯುಸಿಗೆ ಬರೆದು ಬರೆದು ಉತ್ತರ ಕಲಿಯಬೇಕು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿದರೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಖೋತಾ. ಒಂದರಲ್ಲಿ ಗೊತ್ತಿಲ್ಲದಿದ್ದರೂ ಗುರುತು ಹಾಕಬೇಕು, ಇನ್ನೊಂದರಲ್ಲಿ ಗೊತ್ತಿಲ್ಲದಿದ್ದರೆ ಬಿಡಬೇಕು. ಹದಿನೇಳು ವರ್ಷದ ಹುಡುಗಿ ಎರಡು ತಿಂಗಳಲ್ಲಿ ಮೂರು ಸಲ ಸ್ವಭಾವ ಬದಲಿಸಿಕೊಳ್ಳಬೇಕು.

ಪಿಯುಸಿ ಮುಗಿದ ವಾರವೇ ಅದು ಶುರುವಾಯಿತು. ರಾತ್ರಿ ಎದ್ದು ಕೂತಿದ್ದಳು. ಅಂಗೈ ತಣ್ಣಗಾಗಿ ಬೆವರಿತ್ತು. ‘ಅಮ್ಮ, ಉಸಿರು ಒಳಗೆ ಹೋಗುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ, ಓದಿದ್ದೆಲ್ಲ ಅಳಿಸಿಹೋಗಿದೆ’ ಎಂದಳು. ಬೆನ್ನು ನೀವುತ್ತಾ ಕೂತೆ. ಅರ್ಧ ಗಂಟೆಗೆ ಇಳಿಯಿತು. ಎರಡು ರಾತ್ರಿ ಬಿಟ್ಟು ಮತ್ತೆ ಬಂತು. ಅತ್ತೆಯವರು ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ನಾನು ಬೇಡವೆನ್ನಲಿಲ್ಲ, ಅಜ್ಜಿಯ ಕೈ ತಲೆಯ ಮೇಲೆ ಬಂದದ್ದು ಮಗುವಿಗೆ ಹಿತವಾಗಿತ್ತು. ಆದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಕರೆದುಕೊಂಡು ಹೋದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಗೊತ್ತಿದ್ದವರೂ ಯಾರಾದರೂ ನೋಡಿಯಾರು ಎಂದು ಹೋಗುವುದಿಲ್ಲ. ಜ್ವರ ಬಂದರೆ ಕರೆದುಕೊಂಡು ಹೋಗುವ ನಾವು ಇದಕ್ಕೆ ಏಕೆ ಹಿಂಜರಿಯಬೇಕು?

ವೈದ್ಯರು ಮೊದಲು ನನ್ನನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತನಾಡಿದರು, ಆಮೇಲೆ ನನ್ನನ್ನು ಕರೆದರು. ಇದು ಆತಂಕದ ದಾಳಿ, ಹೃದಯಕ್ಕೆ ಏನೂ ಆಗಿಲ್ಲ, ಬರುವಾಗ ಜೋರಾಗಿ ಬಂದರೂ ತಾನಾಗಿ ಇಳಿಯುತ್ತದೆ ಎಂದು ವಿವರಿಸಿದರು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಇಬ್ಬರಿಗೂ ಕಲಿಸಿದರು. ರಾತ್ರಿ ಹತ್ತೂವರೆಗೆ ಪುಸ್ತಕ ಮುಚ್ಚಬೇಕು, ನಿದ್ದೆ ಕಡಿಮೆಯಾದಷ್ಟೂ ಓದಿದ್ದು ನಿಲ್ಲುವುದಿಲ್ಲ ಎಂದರು. ಮಾತ್ರೆ ಕೊಡಲಿಲ್ಲ, ಮತ್ತೆ ಬರಲು ಹೇಳಿದರು.

ಅವರು ನನಗೆ ಒಬ್ಬಳಿಗೇ ಹೇಳಿದ ಇನ್ನೊಂದು ಮಾತಿದೆ. ಮಗು ತೀರಾ ಮಂಕಾಗಿ ಕಂಡರೆ, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದರು. ಕೋಚಿಂಗ್ ಕೇಂದ್ರಗಳ ಊರಾದ ರಾಜಸ್ಥಾನದ ಕೋಟಾದಿಂದ ಹಿಂದಿನ ವರ್ಷವಿಡೀ ಬರುತ್ತಿದ್ದ ಮಕ್ಕಳ ಆತ್ಮಹತ್ಯೆಯ ಸುದ್ದಿಗಳು ನನ್ನ ಹೊಟ್ಟೆಯಲ್ಲಿ ಕೂತಿದ್ದವು. ಆ ಶಬ್ದವನ್ನು ಮನೆಯಲ್ಲಿ ಎತ್ತಲು ಯಾವ ತಾಯಿಗೆ ನಾಲಿಗೆ ಬರುತ್ತದೆ? ಆದರೂ ಒಂದು ಸಂಜೆ ಹಿತ್ತಿಲಲ್ಲಿ ಬಟ್ಟೆ ಒಣಗಿಸುವಾಗ ಕೇಳಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, ‘ಇಲ್ಲಮ್ಮ. ಓಡಿಹೋಗಬೇಕು ಅನ್ನಿಸುತ್ತದೆ, ಅಷ್ಟೇ’ ಎಂದಳು. ‘ಎಲ್ಲಿಗೆ?’ ಎಂದೆ. ‘ಅತ್ತೆ ಊರಿಗೆ’ ಎಂದಳು. ಅಂದರೆ ಬಾಣಾವರದ ನನ್ನ ನಾದಿನಿಯ ಮನೆಗೆ. ಇಬ್ಬರೂ ನಕ್ಕೆವು. ಅಂದು ರಾತ್ರಿ ನನಗೂ ನಿದ್ದೆ ಬಂತು. 14416 ಎಂಬ, ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಅವಳ ಮೊಬೈಲ್‌ನಲ್ಲೂ ನನ್ನದರಲ್ಲೂ ಹಾಕಿಟ್ಟೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.

ಏಪ್ರಿಲ್ 18ರ ಬೆಳಿಗ್ಗೆ ಹತ್ತೂವರೆಗೆ ಸಿಇಟಿಯ ಜೀವವಿಜ್ಞಾನ, ಮಧ್ಯಾಹ್ನ ಎರಡೂವರೆಗೆ ಗಣಿತ. ಹಾಸನದಲ್ಲಿ ಕೇಂದ್ರ. ಲೋಕಸಭಾ ಚುನಾವಣೆಯ ಪ್ರಚಾರದ ವಾಹನಗಳು ಬೀದಿ ತುಂಬ ಕೂಗುತ್ತಾ ಹೋಗುತ್ತಿದ್ದವು. ಬಿಸಿಲೋ, ಆ ವರ್ಷದ ಬರದ ಬಿಸಿಲು. ಹನ್ನೆರಡಕ್ಕೆ ಮಕ್ಕಳು ಹೊರಗೆ ಬಂದಾಗ ಒಬ್ಬರ ಮುಖದಲ್ಲೂ ಕಳೆ ಇರಲಿಲ್ಲ. ನಮ್ಮವಳು ಬಂದವಳೇ ‘ಪಾಠದಲ್ಲೇ ಇಲ್ಲದ್ದನ್ನು ಕೇಳಿದ್ದಾರೆ ಅಮ್ಮ, ಪಠ್ಯದಿಂದ ತೆಗೆದುಹಾಕಿದ ಅಧ್ಯಾಯಗಳಿಂದ ಕೇಳಿದ್ದಾರೆ’ ಎಂದು ಅಳಲು ಶುರುಮಾಡಿದಳು. ಸುತ್ತ ತಂದೆತಾಯಂದಿರು ಪ್ರಶ್ನೆಪತ್ರಿಕೆ ಹಿಡಿದು ಉತ್ತರ ಹೊಂದಿಸುತ್ತಿದ್ದರು. ನಾನು ಅವಳನ್ನು ಆ ಗುಂಪಿನಿಂದ ಆಚೆ, ಹೊಂಗೆ ಮರದ ಕೆಳಗೆ ಕರೆದೊಯ್ದೆ. ಪ್ರಶ್ನೆಪತ್ರಿಕೆಯನ್ನು ಕಡತದೊಳಗೆ ಹಾಕಿ ಮುಚ್ಚಿದೆ. ಮೊಸರನ್ನ, ಹುರಿದ ಮಜ್ಜಿಗೆ ಮೆಣಸಿನಕಾಯಿ ತಂದಿದ್ದೆ. ‘ಪಾಠದಲ್ಲಿ ಇಲ್ಲದ್ದು ನಿನಗೊಬ್ಬಳಿಗೇ ಇಲ್ಲವೇ? ಎಲ್ಲರಿಗೂ ಇಲ್ಲ. ಈಗ ಊಟ ಮಾಡು’ ಎಂದೆ. ನಾಲ್ಕು ತುತ್ತು ಹೋದ ಮೇಲೆ ಅಳು ನಿಂತಿತು. ಸೆರಗು ಹಾಸಿಕೊಟ್ಟೆ, ಅರ್ಧ ಗಂಟೆ ಮಲಗಿದಳು. ಗಣಿತಕ್ಕೆ ಎದ್ದು ಹೋದಳು.

ಪಠ್ಯದಿಂದ ಆಚೆಗಿನ ಪ್ರಶ್ನೆಗಳ ಬಗ್ಗೆ ರಾಜ್ಯದಾದ್ಯಂತ ಗಲಾಟೆಯಾಯಿತು. ಮೂರೂವರೆ ಲಕ್ಷದಷ್ಟು ಮಕ್ಕಳ ಪರೀಕ್ಷೆ ಅದು. ಕೊನೆಗೆ ಮರುಪರೀಕ್ಷೆ ಇಲ್ಲ, ನಾಲ್ಕೂ ವಿಷಯ ಸೇರಿ 240 ಪ್ರಶ್ನೆಗಳಲ್ಲಿ 50ನ್ನು ಕೈಬಿಟ್ಟು ಮೌಲ್ಯಮಾಪನ ಮಾಡುತ್ತೇವೆ ಎಂದು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಹೇಳಿತು. ಐದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆ ಪಠ್ಯದಲ್ಲೇ ಇಲ್ಲದ್ದು! ಆ ಪ್ರಶ್ನೆಗಳ ಎದುರು ಮಕ್ಕಳು ಕಳೆದ ನಿಮಿಷಗಳನ್ನು, ಕಳೆದುಕೊಂಡ ಧೈರ್ಯವನ್ನು ಯಾವ ಸಮಿತಿ ತಿರುಗಿ ಕೊಡುತ್ತದೆ? ನನಗೆ ಇವತ್ತಿಗೂ ಆ ಸಿಟ್ಟು ಆರಿಲ್ಲ. ಆದರೆ ಆ ಸಿಟ್ಟನ್ನು ನಾನು ಮತ್ತು ಯಜಮಾನರು ತೋಟದಲ್ಲಿ ನಿಂತು ಮಾತನಾಡಿಕೊಂಡೆವು, ಮನೆಯೊಳಗೆ ಆಡಲಿಲ್ಲ. ಅವಳು ನೀಟ್‌ಗೆ ಓದುತ್ತಿದ್ದಳು.

ನೀಟ್‌ನ ಉಡುಪಿನ ನಿಯಮ ನನ್ನ ಕಸುಬಿನ ವಿಷಯ. ತುಂಬು ತೋಳು ಕೂಡದು, ಶೂ ಕೂಡದು, ಒಡವೆ ಕೂಡದು. ಏಪ್ರಿಲ್ ಕೊನೆಯಲ್ಲಿ ತೋಳು ಮೊಟಕು ಮಾಡಿಸಿಕೊಳ್ಳಲು ಮಕ್ಕಳು ಅಂಗಡಿಗೆ ಬರುತ್ತಾರೆ. ಮಗಳಿಗೆ ಹೊಸದು ಹೊಲಿಯಲಿಲ್ಲ. ಹಳೆಯ ಹತ್ತಿಯ ಟಾಪ್ ತೆಗೆದುಕೊಂಡು ತೋಳು ಅರ್ಧ ಮಾಡಿ, ಜೇಬು ಬಿಚ್ಚಿ, ಗುಂಡಿ ತೆಗೆದು ಕುತ್ತಿಗೆ ಅಗಲ ಮಾಡಿದೆ. ಅದನ್ನೇ ಹಾಕಿಕೊಂಡು ಮಧ್ಯಾಹ್ನ ಎರಡರಿಂದ ಐದು ಇಪ್ಪತ್ತರವರೆಗೆ, ನೀಟ್ ನಡೆಯುವ ಹೊತ್ತಿನಲ್ಲೇ, ಮನೆಯಲ್ಲಿ ಮಾದರಿ ಪತ್ರಿಕೆ ಬರೆದಳು. ಮೂಗುಬೊಟ್ಟನ್ನು ಹಿಂದಿನ ದಿನವೇ ಅತ್ತೆಯವರು ಬೆಣ್ಣೆ ಸವರಿ ತೆಗೆದರು. ಗೇಟಿನ ಎದುರು ನಿಂತು ಅದನ್ನು ಕೀಳುವ ಪಾಡು ಯಾರಿಗೂ ಬೇಡ.

ಮೇ 5ರಂದು ಒಂದೂವರೆಗೆ ಗೇಟು ಮುಚ್ಚುತ್ತಾರೆಂದು ಗೊತ್ತಿದ್ದರಿಂದ ಬೆಳಿಗ್ಗೆಯೇ ಹಾಸನ ಸೇರಿದೆವು. ಅವಳು ಒಳಗೆ ಹೋದ ಮೇಲೆ ನೋಡುತ್ತೇನೆ, ತುಂಬು ತೋಳಿನ ಚೂಡಿದಾರ ಹಾಕಿಕೊಂಡು ಬಂದ ಹುಡುಗಿಯೊಬ್ಬಳನ್ನು ತಪಾಸಣೆಯವರು ಹಿಂದೆ ಕಳಿಸಿದ್ದಾರೆ. ಅವಳ ತಂದೆ ಬಟ್ಟೆ ಅಂಗಡಿ ಹುಡುಕಲು ಓಡಿದ್ದಾರೆ, ಭಾನುವಾರ ಬೇರೆ. ನನ್ನ ಚೀಲದಲ್ಲಿ ಕತ್ತರಿ, ಸೂಜಿ, ದಾರ ಇದ್ದವು. ಕಸುಬಿನವಳು ಅವಿಲ್ಲದೆ ಹೊರಡುವುದಿಲ್ಲ. ‘ಬಾ ಮಗಳೇ’ ಎಂದು ಗೋಡೆಯ ನೆರಳಿಗೆ ನಿಲ್ಲಿಸಿ, ಮೊಣಕೈ ಮೇಲಕ್ಕೆ ಎರಡೂ ತೋಳು ಕತ್ತರಿಸಿ, ಅಂಚನ್ನು ಮಡಿಸಿ ದೊಡ್ಡ ಹೊಲಿಗೆ ಹಾಕಿದೆ. ಹುಡುಗಿಯ ತೋಳು ನನ್ನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ‘ಆಂಟಿ, ಹೊತ್ತಾಗುತ್ತದೆ’ ಎನ್ನುತ್ತಿದ್ದಳು. ‘ನಿಧಾನ ಉಸಿರು ಬಿಡು, ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನ’ ಎಂದೆ, ಮಂಗಳವಾರದ ವೈದ್ಯರು ಹೇಳಿಕೊಟ್ಟ ಹಾಗೆ. ಗೇಟು ಮುಚ್ಚುವ ಮೊದಲು ಒಳಗೆ ಸೇರಿಕೊಂಡಳು. ಯಾರ ಮನೆಯ ಮಗುವೋ, ಹೆಸರು ಕೂಡ ಕೇಳಲಿಲ್ಲ.

ಪರೀಕ್ಷೆ ಮುಗಿದರೆ ಒತ್ತಡ ಮುಗಿಯಿತು ಎಂದು ಎಲ್ಲರೂ ಹೇಳಿದ್ದರು. ಆ ವರ್ಷ ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ. ಜೂನ್ 14ಕ್ಕೆ ಬರಬೇಕಾಗಿದ್ದ ಫಲಿತಾಂಶ ಜೂನ್ 4ರಂದೇ, ಲೋಕಸಭೆಯ ಮತ ಎಣಿಕೆಯ ದಿನವೇ ಬಂತು. ಟಿವಿಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂದು ಎಣಿಸುತ್ತಿದ್ದರು, ನಮ್ಮ ಮನೆಯಲ್ಲಿ ಮಗಳು ಮೊಬೈಲ್ ಹಿಡಿದು ಗೋಡೆಗೆ ಒರಗಿ ಕೂತಿದ್ದಳು. 720ಕ್ಕೆ ಐನೂರೈವತ್ತರ ಆಸುಪಾಸು ಬಂದಿತ್ತು. ನಾವು ಸಂತೋಷಪಡಬೇಕೆನ್ನುವಷ್ಟರಲ್ಲಿ ರ‍್ಯಾಂಕ್ ನೋಡಿ ಅವಳ ಮುಖ ಬಿಳಿಚಿಕೊಂಡಿತು. ಹಿಂದಿನ ವರ್ಷ 600 ಅಂಕಕ್ಕೆ ಮೂವತ್ತು ಸಾವಿರದ ಹತ್ತಿರ ಇದ್ದ ರ‍್ಯಾಂಕ್ ಈ ಸಲ ಎಂಬತ್ತು ಸಾವಿರದವರೆಗೆ ಇಳಿದಿತ್ತು. ಅದಕ್ಕೂ ಕೆಳಗಿದ್ದ ಇವಳ ಗತಿ ಕೇಳಬೇಕೇ? 67 ಮಕ್ಕಳಿಗೆ 720ಕ್ಕೆ 720. ಸಮಯ ನಷ್ಟವಾಯಿತೆಂದು 1,563 ಮಕ್ಕಳಿಗೆ ಕೃಪಾಂಕ. ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಬಂಧನಗಳು. ನಂತರ ಕೃಪಾಂಕ ರದ್ದು, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ. ಎಲ್ಲರಿಗೂ ಮರುಪರೀಕ್ಷೆ ಬೇಕೆಂದು ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿಗಳು.

ಓದಬೇಕೋ ಬೇಡವೋ? ಮೇ ತಿಂಗಳಲ್ಲಿ ಕಟ್ಟಿಟ್ಟ ಪುಸ್ತಕಗಳನ್ನು ಅವಳು ಒಂದು ದಿನ ಬಿಚ್ಚುವಳು, ಮರುದಿನ ಕಟ್ಟುವಳು. ಬೆಳಗಾದರೆ ಮೊಬೈಲ್‌ನಲ್ಲಿ ಯಾರೋ ‘ಮರುಪರೀಕ್ಷೆ ಖಚಿತ’ ಎನ್ನುವರು, ಸಂಜೆಗೆ ಇನ್ಯಾರೋ ‘ಇಲ್ಲವೇ ಇಲ್ಲ’ ಎನ್ನುವರು. ನೆಂಟರ ಫೋನು ನಿಲ್ಲುತ್ತಿರಲಿಲ್ಲ. ಆ ಕರೆಗಳನ್ನೆಲ್ಲ ನಾನೇ ತೆಗೆದುಕೊಂಡೆ. ‘ಎಷ್ಟು ಬಂತು’ ಎಂದವರಿಗೆ ‘ಕೋರ್ಟಿನಲ್ಲಿದೆ’ ಎಂದೆ. ಭಾವನವರು ಮನೆಗೇ ಬಂದು, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕೋಣ, ದುಡ್ಡು ನಾನು ಕೊಡುತ್ತೇನೆ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಯಜಮಾನರು ‘ಅಣ್ಣ, ಅವಳು ಕೇಳಿದ ದಿನ ನಾನೇ ನಿನ್ನ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ಈ ಮಾತು ಅವಳ ಎದುರು ಬೇಡ’ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅಣ್ಣನಿಗೆ ಹಾಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

ಮಗಳಿಗೆ ನಾನೊಂದು ಗಡುವು ಹಾಕಿಕೊಟ್ಟೆ. ಕೋರ್ಟಿನ ಸುದ್ದಿಯನ್ನು ದಿನಕ್ಕೊಮ್ಮೆ, ರಾತ್ರಿ ಊಟಕ್ಕೆ ಮುಂಚೆ, ಅಪ್ಪ ಪತ್ರಿಕೆಯಲ್ಲಿ ಓದಿ ಹೇಳುತ್ತಾರೆ. ತೀರ್ಪು ಬರುವವರೆಗೆ ಪುಸ್ತಕ ಮುಟ್ಟುವುದು ಬೇಡ. ಮರುಪರೀಕ್ಷೆ ಎಂದರೆ ಓದಲು ಕಾಲಾವಕಾಶ ಕೊಟ್ಟೇ ಕೊಡುತ್ತಾರೆ. ಹಗಲು ನನ್ನ ಜೊತೆ ಅಂಗಡಿಗೆ ಬಂದಳು. ಮೊದಲು ಕೊಕ್ಕೆ ಹಾಕುವುದು, ಆಮೇಲೆ ಜಿಗ್‌ಜಾಗ್ ಮಾಡುವುದು ಕಲಿತಳು. ಕೈಗೆ ಕೆಲಸ ಸಿಕ್ಕಿದ ಮೇಲೆ ತಟ್ಟೆಯಲ್ಲಿ ಅನ್ನ ಉಳಿಯುವುದು ನಿಂತಿತು.

ಜುಲೈ 23ರಂದು ಮರುಪರೀಕ್ಷೆ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೆ ಭೌತವಿಜ್ಞಾನದ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಎಂದು ಕೊಟ್ಟಿದ್ದ ಅಂಕ ಸಲ್ಲದು, ದೆಹಲಿ ಐಐಟಿಯ ತಜ್ಞರು ಹೇಳಿದಂತೆ ಒಂದೇ ಉತ್ತರ ಸರಿ ಎಂದಾಯಿತು. ನಮ್ಮವಳು ಗುರುತು ಹಾಕಿದ್ದು ಇನ್ನೊಂದನ್ನು, ಹಳೆಯ ಪಠ್ಯಪುಸ್ತಕದಲ್ಲಿದ್ದ ಪ್ರಕಾರ. ಅವಳು ಓದಿದ ಪುಸ್ತಕ ಹಿಂದಿನ ತಂಡದ ಹುಡುಗಿಯೊಬ್ಬಳಿಂದ ಕೊಂಡದ್ದು. ಬಂದಿದ್ದ ನಾಲ್ಕು ಹೋಗಿ, ತಪ್ಪಿಗೆ ಒಂದು ಕಳೆದು, ಐದು ಅಂಕ ಇಳಿಯಿತು. ಹಳೆಯ ಪುಸ್ತಕದಲ್ಲಿ ಓದುವ ಬಡವರ ಮಕ್ಕಳ ಮೇಲೇ ಈ ಪೆಟ್ಟು ಬೀಳಬೇಕೇ? ಅಂದು ಮಾತ್ರ ನಾನು ಅವಳ ಎದುರಿಗೇ ಸಿಟ್ಟು ಮಾಡಿಕೊಂಡು ಮಾತನಾಡಿದೆ. ಅವಳೇ ನನ್ನ ಕೈ ಹಿಡಿದು, ‘ಸಾಕು ಬಿಡಮ್ಮ, ಮುಗಿಯಿತಲ್ಲ’ ಎಂದಳು.

ಇಷ್ಟರ ನಡುವೆ ಇನ್ನೊಂದು ಬಾಗಿಲು ತೆರೆದಿತ್ತು. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಸಿಇಟಿ ಅರ್ಜಿ ತುಂಬುವಾಗಲೇ ಯಜಮಾನರು ಅದಕ್ಕೂ ಗುರುತು ಹಾಕಿಸಿದ್ದರು. ಆ ಪರೀಕ್ಷೆಗೆ ಅವರೇ ಮೇಷ್ಟ್ರು. ಹಜಾರದಲ್ಲಿ ಪೇಪರ್ ಹಾಸಿ ರಾಗಿ, ನವಣೆ, ಸಾಸಿವೆ, ಹುಚ್ಚೆಳ್ಳು, ಅಲಸಂದೆ, ಹುರುಳಿ ಎಲ್ಲವನ್ನೂ ಚಿಟಿಕೆ ಚಿಟಿಕೆ ಇಟ್ಟು ಕೇಳುವರು. ಯಾವ ಗೊಬ್ಬರ, ಯಾವ ಕಳೆ, ಕೂರಿಗೆಯ ಯಾವ ಭಾಗಕ್ಕೆ ಏನೆನ್ನುತ್ತಾರೆ ಎಂದು ಹೊಲಕ್ಕೆ ಕರೆದೊಯ್ದು ತೋರಿಸುವರು. ಎರಡು ವರ್ಷ ಮಗಳ ಓದಿನ ಬಗ್ಗೆ ಮಾತೆತ್ತಲೂ ಹೆದರುತ್ತಿದ್ದ ಮನುಷ್ಯ. ಆ ವಾರ ಅವರ ದನಿಯೇ ಬೇರೆ ಇತ್ತು. ಆ ಪರೀಕ್ಷೆ ಮುಗಿಸಿ ಬಂದ ದಿನ ಮಗಳು ನಗುತ್ತಿದ್ದಳು.

ಯಾವ ಕಾಲೇಜು, ಯಾವ ಓದು ಬೇಕೆಂಬ ಆಯ್ಕೆಗಳನ್ನು ಕ್ರಮವಾಗಿ ದಾಖಲಿಸುವ ಹೊತ್ತು ಬಂದಾಗ ಮೂವರೂ ಕೂತೆವು. ಖಾಸಗಿ ವೈದ್ಯಕೀಯ ಕಾಲೇಜುಗಳ ಖಾಸಗಿ ಕೋಟಾದ ಸೀಟು ಆಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲಿತ್ತು. ಅದನ್ನು ಮುಟ್ಟುವ ಹಾಗಿಲ್ಲ ಎಂದು ನಾನೇ ಸ್ಪಷ್ಟವಾಗಿ ಹೇಳಿದೆ. ದುಡ್ಡಿನ ವಿಷಯವನ್ನು ಮಕ್ಕಳಿಂದ ಮುಚ್ಚಿಟ್ಟರೆ ಅವರು ಅದನ್ನು ಊಹಿಸಿಕೊಂಡು ಇನ್ನೂ ಹೆಚ್ಚು ನರಳುತ್ತಾರೆ. ಇನ್ನೊಂದು ವರ್ಷ ಓದುವ ಮನಸ್ಸಿದ್ದರೆ ಅದಕ್ಕೆ ದಾರಿ ಮಾಡುತ್ತೇವೆ, ದೊಡ್ಡಪ್ಪನೂ ಇದ್ದಾರೆ ಎಂದೂ ಹೇಳಿದೆ. ಅವಳು ಎರಡು ದಿನ ಕೇಳಿದಳು, ಕೊಟ್ಟೆವು. ಮೂರನೆಯ ದಿನ ತಾನೇ ಪಟ್ಟಿ ಬರೆದು ತಂದಳು. ಮೊದಲನೆಯದು ಹಾಸನದ ಕಾರೇಕೆರೆ ಕೃಷಿ ಮಹಾವಿದ್ಯಾಲಯ.

‘ಡಾಕ್ಟರ್?’ ಎಂದರು ಯಜಮಾನರು, ಮೆಲ್ಲಗೆ.

‘ಬೇಕಿತ್ತು ಅಪ್ಪ. ಈಗಲೂ ಬೇಜಾರಿದೆ. ಆದರೆ ಆ ಗೇಟಿನ ಮುಂದೆ ಮತ್ತೆ ನಿಲ್ಲಲು ಮನಸ್ಸಿಲ್ಲ.’

ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಅಣಕು ಹಂಚಿಕೆಯಲ್ಲೂ ಅದೇ ಬಂತು, ನಿಜವಾದ ಹಂಚಿಕೆಯಲ್ಲೂ ಅದೇ ಸಿಕ್ಕಿತು. ಸಿಕ್ಕಿದ ಸೀಟು ಒಪ್ಪಿಗೆ ಎನ್ನುವ ‘ಚಾಯ್ಸ್-1’ ಒತ್ತಿ, ಶುಲ್ಕ ಕಟ್ಟಿ, ಕಡತ ಹಿಡಿದುಕೊಂಡು ಕಾರೇಕೆರೆಗೆ ಹೋಗಿ ಸೇರಿಸಿ ಬಂದೆವು. ಬೇಜಾರು ಒಮ್ಮೆಗೇ ಹೋಗಲಿಲ್ಲ. ಕೆಲವು ತಿಂಗಳು, ವೈದ್ಯಕೀಯ ಸೇರಿದ ಗೆಳತಿಯರ ಫೋಟೊ ನೋಡಿದ ದಿನ ಅವಳು ಫೋನಿನಲ್ಲಿ ಹೆಚ್ಚು ಮಾತನಾಡುತ್ತಿರಲಿಲ್ಲ. ‘ಊಟ ಏನು ಮಾಡಿದೆ’ ಎಂದಷ್ಟೇ ಕೇಳುತ್ತಿದ್ದೆ. ಈಗ ಮಣ್ಣಿನ ಪರೀಕ್ಷೆ, ನುಸಿಪೀಡೆ ಎಂದು ಅಪ್ಪನ ಜೊತೆ ಗಂಟೆಗಟ್ಟಲೆ ಮಾತನಾಡುತ್ತಾಳೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಅವಳಿಗೆ ತರಗತಿಗೆ ಹೊತ್ತಾಗಿರುತ್ತದೆ.

ಮಗ ಈಗ ಒಂಬತ್ತನೇ ತರಗತಿ. ಏನು ಓದುತ್ತಾನೋ ಅವನಿಗೇ ಇನ್ನೂ ಗೊತ್ತಿಲ್ಲ, ನಾವೂ ಕೇಳಿಲ್ಲ. ಅವನ ಆಧಾರ್‌ನಲ್ಲೂ ಇನಿಷಿಯಲ್ ಹೊಂದುತ್ತಿಲ್ಲ. ಬರುವ ಸೋಮವಾರ ಯಜಮಾನರು ಅದನ್ನು ತಿದ್ದಿಸಲು ಹೋಗುತ್ತಿದ್ದಾರೆ.